ಮಾತು ಉಳಿಯದ ಪೆಟ್ಟಿಗೆ

ಆ ಬೆಳಿಗ್ಗೆ ಗಾಳಿಗೆ ಯಾರ ಮೇಲೆ ಸಿಟ್ಟು ಬಂದಿತ್ತೋ ದೇವರೇ ಬಲ್ಲ. ಮಳೆಯ ಸುಳಿವಿಲ್ಲ, ಮೋಡದ ತುಣುಕಿಲ್ಲ. ಆದರೂ ಅಂಗಡಿಗಳ ಬೋರ್ಡುಗಳು ಗಡಗಡ ನಡುಗುತ್ತಿದ್ದವು. ಸಾಲಾಗಿ ನಿಂತ ಸ್ಕೂಟರುಗಳ ಮೇಲೆ ದೂಳು ಬಂದು ಕೂರುತ್ತಿತ್ತು, ಏಳುತ್ತಿತ್ತು, ಮತ್ತೆ ಕೂರುತ್ತಿತ್ತು.

ಅಂಥ ಗಾಳಿಯಲ್ಲಿ ಒಬ್ಬಳು ಹುಡುಗಿ ದೀಪದ ಕಂಬಕ್ಕೆ ಏಣಿ ಒರಗಿಸಿ, ತುದಿ ಮೆಟ್ಟಿಲಲ್ಲಿ ನಿಂತು, ಊಟದ ಡಬ್ಬಿಯಷ್ಟು ದೊಡ್ಡದಾದ ಪೆಟ್ಟಿಗೆಯೊಂದನ್ನು ಕಟ್ಟುತ್ತಿದ್ದಳು. ವಿಶ್ವವಿದ್ಯಾಲಯದಲ್ಲಿ ಸದ್ದಿನ ವಿಜ್ಞಾನ ಓದಿ, ಅಲ್ಲೇ ಸಂಶೋಧನೆಗೆ ನಿಂತವಳು. ಊರಿನ ಸದ್ದು ಕೇಳುವುದೇ ಅವಳ ಕೆಲಸ. ಆ ಬೀದಿಯವರು ಆಮೇಲೆ ಅವಳಿಗೆ ‘ಕಿವಿ ಮೇಡಂ’ ಅಂತಲೇ ಹೆಸರಿಟ್ಟರು. ನಾವೂ ಹಾಗೇ ಕರೆಯೋಣ.

ಕಂಬದ ಎದುರಿಗೇ ಹೊಲಿಗೆ ಅಂಗಡಿ. ಟೈಲರ್ ಅಕ್ಕ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದಳು.

“ಏನಮ್ಮಾ, ನಾವು ಮಾತಾಡೋದನ್ನೆಲ್ಲ ಆ ಡಬ್ಬದಲ್ಲಿ ತುಂಬ್ಕೊಂಡು ಹೋಗ್ತೀಯಾ? ನಮ್ಮತ್ತೇನ ನಾನು ಬೈಯೋದೂ ಅದರಲ್ಲಿ ಬರುತ್ತಾ?”

“ಬರಲ್ಲ ಅಕ್ಕಾ! ಮಾತು ಕೇಳಿಸಿದ ಕೂಡಲೇ ಪೆಟ್ಟಿಗೆ ಅದನ್ನ ಅಳಿಸಿ ಆ ಜಾಗ ಖಾಲಿ ಬಿಡುತ್ತೆ. ಹಾರ್ನು, ಹಕ್ಕಿ, ಹೆಜ್ಜೆ... ಇಂಥವಷ್ಟೇ ಉಳಿಯೋದು. ಫೋಟೋ ತೆಗೆಯಲ್ಲ, ಮಾತು ಹಿಡಿಯಲ್ಲ ಅಂತ ನಿಮ್ಮ ಬೀದಿಗೆ ನಾನು ಭಾಷೆ ಕೊಟ್ಟಿದ್ದೀನಲ್ಲ!”

“ಹಾಗಿದ್ರೆ ಸರಿ. ನಮ್ಮತ್ತೇನೂ ಬದುಕಿದ್ರು, ನಾನೂ ಬದುಕಿದೆ!” ಅಕ್ಕ ನಗುತ್ತಾ ಒಳಗೆ ಹೋದಳು.

ಅಷ್ಟರಲ್ಲಿ ಗಾಳಿ ಒಮ್ಮೆ ಬೀಸಿ ಹೊಡೆಯಿತು. ಏಣಿ ಪಕ್ಕಕ್ಕೆ ಜಾರಿತು!

‘ದೇವರೇ...!’ ಕಿವಿ ಮೇಡಂ ಕಣ್ಣು ಮುಚ್ಚಿ ಕಂಬ ತಬ್ಬಿಕೊಂಡಳು.

ಬೀಳಲಿಲ್ಲ. ಕೆಳಗೆ ಯಾರೋ ಏಣಿಯನ್ನು ಗಟ್ಟಿಯಾಗಿ ಹಿಡಿದಿದ್ದರು. ಕಣ್ಣು ಬಿಟ್ಟು ನೋಡಿದರೆ ದೂಳು ಮೆತ್ತಿದ ಕೂದಲು, ಹೆಗಲಿಗೆ ರಬ್ಬರ್ ಕೊಳವೆಯ ಸುರುಳಿ, ಹುಬ್ಬು ಗಂಟಿಕ್ಕಿದ ಮುಖ.

“ಥ್ಯಾಂಕ್ಸ್...” ಅಂದಳು, ಎದೆ ಇನ್ನೂ ಡವಡವ.

“ಥ್ಯಾಂಕ್ಸ್ ಆಮೇಲೆ. ಮೊದಲು ಇಳೀರಿ. ಇದು ನನ್ನ ಕಂಬ.”

“ನಿಮ್ಮ ಕಂಬಾನಾ? ನಿಮ್ಮ ತಾತ ನೆಟ್ಟಿದ್ದಾ?”

“ನಿನ್ನೇನೇ ಬಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೀನಿ ನೋಡಿ. ಈ ಕೊಳವೆ ರಸ್ತೆಗೆ ಅಡ್ಡ ಹಾಸಿ, ವಾಹನ ಎಣಿಸೋ ಯಂತ್ರ ಇಲ್ಲೇ ಕಟ್ಟಬೇಕು.”

“ಯಂತ್ರ ಕೆಳಗೆ ಕಟ್ಕೊಳ್ಳಿ. ನಾನು ಮೇಲೆ ಇರ್ತೀನಿ. ಕಂಬಕ್ಕೇನು ಬೇಜಾರಿಲ್ಲ, ನಿಮಗ್ಯಾಕೆ?”

ಅವನು ಹುಬ್ಬು ಇನ್ನಷ್ಟು ಗಂಟಿಕ್ಕಿದ. ಆದರೆ ಅವಳು ಕೆಲಸ ಮುಗಿಸಿ ಇಳಿಯುವವರೆಗೂ ಏಣಿ ಬಿಡಲಿಲ್ಲ. ಅದನ್ನು ಅವಳು ಗಮನಿಸಿದಳು... ಗಮನಿಸಿದ್ದನ್ನು ತೋರಿಸಿಕೊಳ್ಳಲಿಲ್ಲ ಅಷ್ಟೇ!

*

ಆಮೇಲೆ ಗೊತ್ತಾಯಿತು, ಇಬ್ಬರೂ ಒಂದೇ ಯೋಜನೆಯವರು!

ವಿಶ್ವವಿದ್ಯಾಲಯದ ದೊಡ್ಡ ಮೇಡಂ ಐದು ವಿಭಾಗದ ಮುಖ್ಯಸ್ಥರನ್ನು ಒಂದೇ ಮೇಜಿನ ಸುತ್ತ ಕೂರಿಸಿದ್ದರು. ರಸ್ತೆಯವರು, ಸದ್ದಿನವರು, ಗಿಡಮರದವರು, ಆರೋಗ್ಯದವರು, ವ್ಯಾಪಾರದ ಲೆಕ್ಕದವರು. ಊರು ಹೀಗೇ ಹೊಗೆ ಕುಡಿಯುತ್ತಾ ಹೋದರೆ ಮುಂದಿನವರಿಗೆ ಉಳಿಯುವುದೇನು ಎಂಬುದು ಅವರ ಚಿಂತೆ. ಒಂದು ಬೀದಿಯಲ್ಲಿ ಕೆಲವು ತಿಂಗಳು ವಾಹನಗಳ ಓಡಾಟ ನಿಲ್ಲಿಸಿ, ಗಿಡ ನೆಟ್ಟು, ಬೆಂಚು ಹಾಕಿ ನೋಡುವುದು. ಜನ ಆ ಬೀದಿಯನ್ನು ತಮ್ಮದು ಮಾಡಿಕೊಂಡರೆ ನಗರಸಭೆ ಅದನ್ನು ಹಾಗೇ ಉಳಿಸುತ್ತದೆ. ಜನ ಬರದಿದ್ದರೆ ವಾಹನಗಳು ವಾಪಸ್ಸು!

ಅವನು ರಸ್ತೆ ವಿಭಾಗದ ಮೇಷ್ಟ್ರು. ಬೀದಿಯವರ ಬಾಯಲ್ಲಿ ‘ರೋಡ್ ಸಾರ್’. ಐದೂ ವಿಭಾಗದ ಲೆಕ್ಕ ಕೂಡಿಸಿ ಕೊನೆಯ ವರದಿ ಬರೆಯುವ ಹೊಣೆ ಅವನದು.

ವಾಹನಗಳ ಓಡಾಟ ನಿಂತಿತು. ಬೀದಿ ಮೊದಲಿಗೆ ನಾಚಿಕೊಂಡಿತು. ಜನ ಅಭ್ಯಾಸಬಲದಿಂದ ಅಂಚಿನಲ್ಲೇ ನಡೆದರು. ಬರುಬರುತ್ತಾ ನಡುಬೀದಿಗೆ ಬಂದರು. ಟೈಲರ್ ಅಕ್ಕ ಹೊಲಿಗೆ ಮೆಷಿನ್ನನ್ನೇ ಹೊರಗೆ ತಂದು ಗಿಡದ ನೆರಳಿಗೆ ಹಾಕಿಕೊಂಡಳು. ಮುದುಕರು ಬೆಂಚು ಹಿಡಿದರು. ಮಕ್ಕಳು ಚೆಂಡು ಹಿಡಿದರು.

ಪೆಟ್ಟಿಗೆಯ ಬ್ಯಾಟರಿ ಬದಲಿಸಲು ಕಿವಿ ಮೇಡಂ ಬಂದಾಗಲೆಲ್ಲ ರೋಡ್ ಸಾರ್ ಅಲ್ಲೇ ಇರುತ್ತಿದ್ದ.

“ಏನು ಸಾರ್, ಬೀದೀಲಿ ವಾಹನಾನೇ ಇಲ್ಲ. ನಿಮ್ಮ ಯಂತ್ರಕ್ಕೆ ಏನು ಕೆಲಸ?”

“ವಾಹನ ಇಲ್ಲ ಅಂತ ಎಣಿಸೋಕೆ.”

“ಅದಕ್ಕೆ ದಿನಾ ಬರಬೇಕಾ?”

“ಸೊನ್ನೆ ಎಣಿಸೋದು ಸುಲಭ ಅಂದ್ಕೊಂಡ್ರಾ?” ಅಂದು ಏಣಿ ಹಿಡಿದ. ಕಿವಿ ಮಾತ್ರ ಕೆಂಪಾಗಿತ್ತು!

ಅವಳಿಗೆ ನಗು ಬಂತು. ‘ಇವನಿಗೆ ಸುಳ್ಳು ಹೇಳೋಕೂ ಬರಲ್ಲ...’

ಒಂದು ದಿನ ಅವನು ಕೇಳಿದ. “ಇದರಲ್ಲಿ ಬಂದಿದ್ದನ್ನೆಲ್ಲ ಕಂಪ್ಯೂಟರ್ ಕೇಳುತ್ತಾ?”

“ಇಲ್ಲ, ನಾನೇ ಕೇಳ್ತೀನಿ. ಬೆಳಗಿನ ಹೊತ್ತಿನದಂತೂ ಒಂದು ಸದ್ದೂ ಬಿಡಲ್ಲ. ಇಡೀ ಊರು ನನ್ನ ಕಿವೀಲಿ ಕಣ್ಣು ಬಿಟ್ಟ ಹಾಗಿರುತ್ತೆ.”

ಆ ಮಾತು ಅವನೊಳಗೆ ಕೂತುಬಿಟ್ಟಿತು.

ಕೇಳಿ, ಇವನು ತುಂಬಿದ ತರಗತಿಯಲ್ಲಿ ಗಟ್ಟಿಯಾಗಿ ಪಾಠ ಮಾಡುವವನು. ಆದರೆ ಅವಳೆದುರು ನಿಂತರೆ ಜಗಳಕ್ಕೆ ಬೇಕಾದ ಮಾತು ಬರುತ್ತಿತ್ತು, ಮನಸ್ಸಿನ ಮಾತು ಬರುತ್ತಿರಲಿಲ್ಲ. ಹಾಗಾಗಿ ಒಂದು ಬೆಳಗಿನ ಜಾವ, ಹಾಲಿನವನೂ ಬರುವ ಮುಂಚೆ, ಅವನೊಬ್ಬನೇ ಕಂಬದ ಕೆಳಗೆ ಬಂದು ನಿಂತ. ಮನಸ್ಸಿನಲ್ಲೇ ದೇವರಿಗೆ ಕೈಮುಗಿದ. ತಲೆಯೆತ್ತಿ ಪೆಟ್ಟಿಗೆಯ ಮುಂದೆ ತನ್ನ ಎದೆಯೊಳಗಿನದನ್ನೆಲ್ಲ ಹೇಳಿದ. ಹೊರಟವನು ಮತ್ತೆ ತಿರುಗಿ ಬಂದು, “ಇಷ್ಟ ಇಲ್ಲದಿದ್ರೆ ನೀವು ಏನೂ ಹೇಳಬೇಡಿ. ನಾನೇ ಅರ್ಥ ಮಾಡ್ಕೋತೀನಿ,” ಎಂದೂ ಸೇರಿಸಿದ.

ಅಯ್ಯೋ ಪುಣ್ಯಾತ್ಮಾ! ಪೆಟ್ಟಿಗೆಯಲ್ಲಿ ಮಾತು ಉಳಿಯುವುದಿಲ್ಲ ಎಂದು ಅವಳು ಬರೆದಿದ್ದ ಪುಟವನ್ನು ಅವನು ಓದಿರಲೇ ಇಲ್ಲ. ಅವನು ನೋಡುತ್ತಿದ್ದದ್ದು ಅವಳು ಕಳಿಸುತ್ತಿದ್ದ ಅಂಕಿಗಳನ್ನು ಮಾತ್ರ.

*

ಮಾರನೇ ದಿನ ಅವಳು ಎಂದಿನಂತೆ ನಕ್ಕಳು. “ಗುಡ್ ಮಾರ್ನಿಂಗ್ ಸಾರ್!”

ಅವನು ಕಾದ. ಅವಳು ಬ್ಯಾಟರಿ ಬದಲಿಸಿ, ಕೈ ಒರೆಸಿಕೊಂಡು, ಕೈಬೀಸಿ ಹೊರಟಳು.

ಇನ್ನೂ ಕೆಲವು ದಿನ ಕಾದ. ಅವಳು ಏನೂ ಹೇಳಲಿಲ್ಲ.

‘ಅರ್ಥ ಆಯ್ತು...’ ಅಂದುಕೊಂಡ. ಆಮೇಲೆ ಅವನು ಅವಳು ಬರುವ ಹೊತ್ತಿಗೆ ಬೀದಿಗೆ ಬರಲಿಲ್ಲ. ಎದುರು ಸಿಕ್ಕರೆ ತಲೆ ತಗ್ಗಿಸಿ ಹೋದ. ಫೋನಿಗೆ ಉತ್ತರ ಒಂದೇ ಪದ. “ಸರಿ.” “ಆಗಲಿ.”

ಕಿವಿ ಮೇಡಂಗೆ ಎದೆಯೊಳಗೆ ಏನೋ ಕಿತ್ತು ತೆಗೆದ ಹಾಗಾಯಿತು. ‘ನಾನೇನು ಮಾಡಿದೆ? ಏನಾದ್ರೂ ಅಂದೆನಾ?’

ಮನೆಯಲ್ಲಿ ಅಜ್ಜಿ ಒಬ್ಬರೇ. ಒಂದು ಕಿವಿ ಪೂರಾ ಮಂದ. ಇನ್ನೊಂದಕ್ಕೆ ಯಂತ್ರ, ಬೇಡದ ಮಾತು ಬಂದಾಗ ಅದನ್ನೂ ತೆಗೆದಿಡುತ್ತಿದ್ದರು.

“ಯಾಕೇ, ತಟ್ಟೆ ಮುಂದೆ ಕೂತು ತಟ್ಟೇನೇ ನೋಡ್ತಿದ್ದೀಯಾ? ಆ ಏಣಿ ಹಿಡಿಯೋ ಹುಡುಗ ಏನಂದ?”

“ಏನೂ ಅನ್ನಲ್ಲ ಅಜ್ಜೀ. ಅದೇ ಸಂಕಟ.”

“ನೀನೇನಂದೆ?”

“ನಾನ್ಯಾಕೆ ಅನ್ನಲಿ?”

“ಸರಿ ಹೋಯ್ತು! ನಾನು ಕಿವುಡಿ, ಇರಲಿ. ನೀವಿಬ್ಬರೂ ಮೂಗರಾ?” ಅಜ್ಜಿ ಯಂತ್ರ ತೆಗೆದು ಮೇಜಿನ ಮೇಲಿಟ್ಟರು. ಅಂದರೆ ಇನ್ನು ವಾದವಿಲ್ಲ!

ಅವಳು ಕೋಣೆಗೆ ಹೋಗಿ ದಿಂಬಿನಲ್ಲಿ ಮುಖ ಹುದುಗಿಸಿದಳು. ‘ಬೇರೆ ಯಾರ ಹೆಜ್ಜೆ ಸದ್ದಿಗೂ ನನ್ನ ಎದೆ ಹೀಗೆ ಹೊಡ್ಕೊಳ್ಳಲ್ಲ. ಅವರಿಗೆ ಅದು ಗೊತ್ತೇ ಇಲ್ಲ...’

*

ಒಂದು ಬೆಳಿಗ್ಗೆ ಟೈಲರ್ ಅಕ್ಕನ ಫೋನು.

“ಮೇಡಂ, ನಾವೆಲ್ಲ ಸತ್ತಿದ್ದೀವಂತೆ!”

“ಏನಕ್ಕಾ ಇದು, ಬೆಳಿಗ್ಗೆ ಬೆಳಿಗ್ಗೆ?”

“ನಿಮ್ಮ ಯೂನಿವರ್ಸಿಟಿಯವರೇ ಬರೆದಿದ್ದಾರಂತೆ, ಈ ಬೀದೀಲಿ ಜನಾನೇ ಇಲ್ಲ, ಬೀದಿ ಸತ್ತುಹೋಗಿದೆ ಅಂತ. ನಾಳೆ ನಗರಸಭೆ ತೀರ್ಮಾನ ಮಾಡುತ್ತಂತೆ. ಮತ್ತೆ ಲಾರಿ ಬಿಡ್ತಾರಂತೆ. ನಾನು ಬದುಕಿದ್ದೀನೋ ಇಲ್ವೋ ಒಂದ್ಸಲ ಬಂದು ನೋಡ್ಕೊಂಡು ಹೋಗಿ!”

ಕಿವಿ ಮೇಡಂ ಕೂಡಲೇ ಕಂಪ್ಯೂಟರ್ ಮುಂದೆ ಕೂತಳು. ವರದಿ ತೆರೆದು ನೋಡಿದಳು. ಇತ್ತು, ಅವನದೇ ಸಹಿ. ‘ವಾಹನ ನಿಲ್ಲಿಸಿದ ಮೇಲೆ ಬೀದಿಯ ಸದ್ದು ದಿನೇ ದಿನೇ ಇಳಿದಿದೆ. ಜನರ ಓಡಾಟ ನಿಂತಿದೆ.’

ಅವಳು ಸೀದಾ ಅವನ ಕೋಣೆಗೆ ನುಗ್ಗಿದಳು. ಬಾಗಿಲು ಗೋಡೆಗೆ ಬಡಿಯಿತು.

“ಏನ್ ಸಾರ್ ಇದು? ನನ್ನ ಮೇಲಿನ ಸಿಟ್ಟನ್ನ ಬೀದಿ ಮೇಲೆ ತೀರಿಸ್ಕೊಂಡ್ರಾ?”

“ಸಿಟ್ಟಾ? ನನಗಾ?” ಅವನು ಎದ್ದು ನಿಂತ. “ನಿಮ್ಮ ಪೆಟ್ಟಿಗೆ ಹೇಳಿದ್ದನ್ನ ಬರೆದಿದ್ದೀನಿ. ಸದ್ದು ಇಲ್ಲ ಅಂದ್ರೆ ಜನ ಇಲ್ಲ ಅಂತ ತಾನೇ?”

“ನೀವು ಕಣ್ಣಾರೆ ನೋಡಿದ್ದೀರಲ್ಲ ಅಲ್ಲಿ ಜನಾನ!”

“ನೋಡಿದ್ದೆ... ಆಗ.” ದನಿ ತಗ್ಗಿತು. “ಆಮೇಲೆ ನಾನು ಆ ಕಡೆ ಹೋಗಿಲ್ಲ. ಅಂಕಿ ಇಳೀತಾನೇ ಇತ್ತು. ನಾನು ಕಂಡಿದ್ದು ಮೊದಲ ದಿನಗಳ ಉತ್ಸಾಹ ಇರಬೇಕು ಅಂದ್ಕೊಂಡೆ. ನನ್ನ ಕಣ್ಣಿಗಿಂತ ನಿಮ್ಮ ಪೆಟ್ಟಿಗೇನೇ ನಂಬಿದೆ.”

“ಜನ ಮಾತಾಡೋದು ಆ ಪೆಟ್ಟಿಗೆಯಲ್ಲಿ ಉಳಿಯೋದೇ ಇಲ್ಲ ಸಾರ್! ಮಾತು ಬಂದ ಕಡೆಯೆಲ್ಲ ಅಳಿಸಿ ಖಾಲಿ ಬಿಡುತ್ತೆ!”

ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ.

“ಮಾತು... ಉಳಿಯಲ್ವಾ?”

“ಇಲ್ಲ.”

“ಯಾರದ್ದೂ?”

“ಯಾರದ್ದೂ ಇಲ್ಲ.”

“ನನ್ನದೂ...?”

ಬಾಯಿಂದ ಜಾರಿದ ಮಾತು.

“ನಿಮ್ಮದಾ? ನೀವೇನು ಹೇಳಿದ್ರಿ ಅದಕ್ಕೆ?”

ಅವನ ಮುಖದಲ್ಲಿ ಬಣ್ಣ ಹೋಯಿತು, ಬಂತು. “ಏನಿಲ್ಲ... ಮೊದಲು ಬೀದಿ. ದೇವರೇ, ಎಂಥಾ ತಪ್ಪು ಮಾಡಿಬಿಟ್ಟೆ! ಅಲ್ಲ... ತಡೀರಿ. ಅಳಿಸಿದ ಜಾಗಾನೂ ಸರಾಸರಿಗೆ ಸೇರ್ತಿತ್ತಾ? ಸೊನ್ನೆ ಅಂತ?”

ಅವಳು ಹಣೆ ಚಚ್ಚಿಕೊಂಡಳು. “ಸೇರ್ತಿತ್ತು...! ಅಂದ್ರೆ ಜನ ಹೆಚ್ಚು ಮಾತಾಡಿದಷ್ಟೂ...”

“...ಅಂಕಿ ಇಳೀತಿತ್ತು!”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬೀದಿ ನಗುತ್ತಾ ಹರಟುತ್ತಾ ಇದ್ದಷ್ಟೂ ಇವರ ಲೆಕ್ಕದಲ್ಲಿ ಸಾಯುತ್ತಾ ಹೋಗಿತ್ತು!

“ಆ ಖಾಲಿ ಜಾಗಗಳನ್ನ ಎಣಿಸಬಹುದಾ?” ಅವನು ಕೇಳಿದ.

“ಎಣಿಸಬಹುದು. ನಿಜವಾದ ಮೌನದಲ್ಲೂ ಗಾಳಿಯ ಸಣ್ಣ ಉಸಿರು ಇರುತ್ತೆ. ಅಳಿಸಿದ ಜಾಗದಲ್ಲಿ ಅದೂ ಇರಲ್ಲ. ಬಟ್ಟೆಯಲ್ಲಿ ತೂತಿನ ಹಾಗೆ ಎದ್ದು ಕಾಣುತ್ತೆ.”

“ಹಾಗಿದ್ರೆ ಬನ್ನಿ!”

ಅವಳ ಪ್ರಯೋಗಾಲಯದಲ್ಲಿ ಊಟದ ಗಂಟೆಯೂ ಮರೆತುಹೋಯಿತು. ಅವಳು ತೂತುಗಳನ್ನು ಹುಡುಕಿದಳು, ಅವನು ಪಟ್ಟಿ ಮಾಡಿದ. ವಾಹನವಿದ್ದ ದಿನಗಳಲ್ಲಿ ಒಂದೆರಡು ಸಣ್ಣ ತೂತು. ನಿಂತ ಮೇಲೆ ಎಲ್ಲೆಲ್ಲೂ ತೂತು! ಅವುಗಳ ನಡುವೆ ಚೆಂಡಿನ ಪುಟಿತ, ಅಕ್ಕನ ಮೆಷಿನ್ನಿನ ಕಟಕಟ, ಊರುಗೋಲಿನ ಟಕ್... ಟಕ್... ಆಮೇಲೆ ಕೋಲು ನಿಂತು ಉದ್ದಕ್ಕೆ ಒಂದು ತೂತು. ಯಾರೋ ಮುದುಕರು ಯಾರನ್ನೋ ನಿಲ್ಲಿಸಿ ಸುಖದುಃಖ ಮಾತಾಡಿದ್ದು!

ಅವನು ಕಾಫಿ ತರಲು ಹೊರಗೆ ಹೋದಾಗ ಅವಳ ಕಿವಿಗೆ ಒಂದು ಬೆಳಗಿನ ಜಾವ ಸಿಕ್ಕಿತು. ಹಕ್ಕಿಗಳೂ ಎದ್ದಿಲ್ಲ. ಹೆಜ್ಜೆ ಸದ್ದು. ಎಡಗಾಲಿನ ಬೂಟು ಕಿರ್ ಅನ್ನುತ್ತದೆ. ಕಂಬದ ಕೆಳಗೆ ಬಂದು ನಿಂತಿತು. ಆಮೇಲೆ ದೊಡ್ಡದೊಂದು ತೂತು... ಹೆಜ್ಜೆ ದೂರ ಹೋಯಿತು, ವಾಪಸ್ಸು ಬಂತು. ಪುಟ್ಟದೊಂದು ತೂತು. ಮತ್ತೆ ಹೆಜ್ಜೆ, ಬಲು ನಿಧಾನ.

ಅದನ್ನು ಅವಳು ಅಂದೇ ಕೇಳಿದ್ದಳು, ಯಾರೋ ಫೋನಿನಲ್ಲಿ ಮಾತಾಡಿದ್ದಾರೆ ಎಂದು ಬಿಟ್ಟಿದ್ದಳು. ಈಗ ತಾರೀಖು ನೋಡಿದಳು. ಅವನು ತಲೆ ತಗ್ಗಿಸಿ ಓಡಾಡಲು ಶುರುಮಾಡಿದ್ದು ಅದಾದ ಕೆಲವೇ ದಿನಕ್ಕೆ!

ಬಾಗಿಲಲ್ಲಿ ಬೂಟು ಅದೇ ಥರ ಕಿರ್ ಅಂತು. ಅವನು ಎರಡು ಲೋಟ ಹಿಡಿದು ನಿಂತಿದ್ದ.

“ಏನಾಯ್ತು? ಕಣ್ಣಲ್ಲಿ ನೀರು...?”

“ಏನಿಲ್ಲ... ಮೊದಲು ಬೀದಿ!” ಅವಳು ಮುಖ ತಿರುಗಿಸಿ ನಕ್ಕಳು.

*

ನಗರಸಭೆಯ ಸಭಾಂಗಣ ತುಂಬಿತ್ತು. ಬೀದಿಯವರೆಲ್ಲ ಹಿಂದೆ ನಿಂತಿದ್ದರು, ಮುಂದೆ ಟೈಲರ್ ಅಕ್ಕ. ಜೊತೆಗೆ ಅವಳ ಅತ್ತೆ!

ರೋಡ್ ಸಾರ್ ಎದ್ದು ನಿಂತ. “ಅಧ್ಯಕ್ಷರೇ, ನನ್ನ ವರದಿ ತಪ್ಪು. ನಾನೇ ಬರೆದದ್ದು, ನಾನೇ ವಾಪಸ್ಸು ತಗೋತಿದ್ದೀನಿ.”

ಸಭೆಯಲ್ಲಿ ಗುಸುಗುಸು. ಇಷ್ಟು ಜನರೆದುರು ಹೀಗೆಂದ ಮೇಷ್ಟ್ರನ್ನು ನಾಳೆ ಯಾರು ನಂಬುತ್ತಾರೆ? ಕೆಲಸಕ್ಕೇ ಕುತ್ತು ಬರಬಹುದು. ಆದರೂ ಅವನ ದನಿ ನಡುಗಲಿಲ್ಲ.

“ತಪ್ಪು ಅವರೊಬ್ಬರದಲ್ಲ,” ಕಿವಿ ಮೇಡಂ ಪಕ್ಕದಲ್ಲೇ ಎದ್ದು ನಿಂತಳು. “ನಾನು ಅಂಕಿ ಕೊಟ್ಟೆ, ಅದರ ಅರ್ಥ ಹೇಳಲಿಲ್ಲ.”

ಅಧ್ಯಕ್ಷರು ಕನ್ನಡಕ ಏರಿಸಿದರು. “ಅಲ್ಲಮ್ಮಾ, ಇಷ್ಟೆಲ್ಲ ಓದಿದವರು ಬೀದೀಲಿ ನಿಂತು ಜನಾನ ಎಣಿಸಿದ್ರೆ ಮುಗೀತಿತ್ತಲ್ಲ?”

ದೊಡ್ಡ ಮೇಡಂ ಕೂತಲ್ಲಿಂದಲೇ ಅಂದರು. “ನಾವು ಐದು ವಿಭಾಗ ಸಾರ್. ಮಿಕ್ಕ ನಾಲ್ಕರಲ್ಲಿ ಯಾರಾದ್ರೂ ಎಣಿಸ್ತಿರ್ತಾರೆ ಅಂತ ಐದೂ ಜನ ನೆಮ್ಮದಿಯಾಗಿದ್ವಿ!”

ಸಭೆ ನಕ್ಕಿತು. ಅಧ್ಯಕ್ಷರು ನಗಲಿಲ್ಲ. “ಈಗ ಖಾಲಿ ಜಾಗ ತೋರಿಸಿ ಜನ ಇದ್ರು ಅಂದ್ರೆ ನಾನು ಹೇಗೆ ಒಪ್ಪಲಿ? ಮಾತು ಇದ್ರೆ ಕೇಳಿಸಿ.”

“ಮಾತು ಇಲ್ಲ ಸಾರ್. ಇಟ್ಕೊಳ್ಳಲ್ಲ ಅಂತ ಭಾಷೆ ಕೊಟ್ಟಿದ್ದೆ. ಆದ್ರೆ...” ಅವಳು ಚೀಲದಿಂದ ಅಂಥದೇ ಇನ್ನೊಂದು ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟಳು. “ನಾವು ಇಲ್ಲಿಗೆ ಬಂದಾಗಿನಿಂದ ಇದು ಚಾಲೂ ಇದೆ.”

ಗುಂಡಿ ಒತ್ತಿದಳು. ಸಭಾಂಗಣಕ್ಕೆ ಸಭಾಂಗಣವೇ ಕಿವಿಯಾಯಿತು.

ಕುರ್ಚಿ ಎಳೆದ ಸದ್ದು. ಒಂದು ಕೆಮ್ಮು. ಫ್ಯಾನಿನ ಗರಗರ. ಆಮೇಲೆ... ಏನೂ ಇಲ್ಲ. ಮೇಜು ಕುಟ್ಟಿದ ಸದ್ದು. ಮತ್ತೆ ಏನೂ ಇಲ್ಲ! ಗೋಡೆಯ ಮೇಲಿನ ಪರದೆಯಲ್ಲಿ ಸರಾಸರಿ ಅಂಕಿ ಜರ್ರನೆ ಇಳಿಯುತ್ತಿತ್ತು.

“ನೋಡಿ ಸಾರ್,” ರೋಡ್ ಸಾರ್ ಅಂದ. “ನನ್ನ ಹಳೇ ಲೆಕ್ಕದ ಪ್ರಕಾರ ಈ ಸಭೆಯಲ್ಲಿ ಯಾರೂ ಇಲ್ಲ. ಎಲ್ಲರಿಗಿಂತ ಹೆಚ್ಚು ಇಲ್ಲದವರು ಅಂದ್ರೆ... ಕ್ಷಮಿಸಿ... ಎಲ್ಲರಿಗಿಂತ ಹೆಚ್ಚು ಮಾತಾಡಿದ ನೀವು!”

ಅಧ್ಯಕ್ಷರ ಮೀಸೆ ಅದುರಿತು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕುಬಿಟ್ಟರು! “ನಮ್ಮ ಮನೇಲೂ ಇದನ್ನೇ ಹೇಳ್ತಾರೆ ಕಣ್ರೀ, ನಾನು ಮಾತಾಡಿದ್ದು ಯಾರಿಗೂ ಕೇಳಿಸಲ್ಲ ಅಂತ!”

ಇಡೀ ಸಭಾಂಗಣ ನಗುವಿನಲ್ಲಿ ಮುಳುಗಿತು. ನಗು ಇಳಿದಾಗ ಅವನು ಬೀದಿಯ ತೂತುಗಳ ಪಟ್ಟಿಯನ್ನು ಪರದೆಗೆ ಹಾಕಿದ. ಈಗ ಯಾರಿಗೂ ವಿವರಿಸುವ ಅಗತ್ಯ ಬೀಳಲಿಲ್ಲ. ಸದಸ್ಯರ ಕೈಗಳು ಮೇಲೆದ್ದವು, ಒಂದಾದ ಮೇಲೊಂದು, ಮೊದಲು ವಿರೋಧಿಸಿದ್ದವರದೂ ಸೇರಿ.

“ಬೀದಿ ಜನರದ್ದಾಗೇ ಇರಲಿ,” ಅಧ್ಯಕ್ಷರು ಅಂದರು. “ಇದರ ಪಕ್ಕದ ಬೀದಿಗೂ ಇದೇ ಪ್ರಯೋಗ ಮಾಡಿ. ಈ ಸಲ ಎಣಿಸೋಕೂ ಒಬ್ಬರನ್ನ ನಿಲ್ಲಿಸಿ!”

ಹಿಂದಿನಿಂದ ಹೋ ಎಂದು ಕೂಗೆದ್ದಿತು. ಟೈಲರ್ ಅಕ್ಕ ಅತ್ತೆಯನ್ನು ತಬ್ಬಿಕೊಂಡು ಅಳುತ್ತಿದ್ದಳು, ಅತ್ತೆ “ಬಿಡೇ, ಸೀರೆ ಸುಕ್ಕಾಗುತ್ತೆ” ಎನ್ನುತ್ತಾ ತಾನೂ ಅಳುತ್ತಿದ್ದಳು. ದೊಡ್ಡ ಮೇಡಂ ರೋಡ್ ಸಾರ್ ಬೆನ್ನು ತಟ್ಟಿದರು. “ತಪ್ಪನ್ನ ಇಷ್ಟು ಚೆನ್ನಾಗಿ ಒಪ್ಪಿಕೊಂಡವರನ್ನ ನಾನು ನೋಡಿಲ್ಲ. ಮುಂದಿನ ವರದೀನೂ ನೀನೇ ಬರಿ.”

*

ಜನ ಎಲ್ಲ ಬೀದಿಯತ್ತ ಹೋದರು. ಸಭಾಂಗಣದ ಹೊರಗಿನ ಮೆಟ್ಟಿಲುಗಳ ಮೇಲೆ ಅವರಿಬ್ಬರೇ ಉಳಿದರು. ಬಿಸಿಲು ಹಿತವಾಗಿತ್ತು.

“ಸಾರ್, ಒಂದು ತೂತಿನ ಲೆಕ್ಕ ನನಗೆ ಸಿಗ್ತಿಲ್ಲ.”

“ಯಾವುದು?” ಅವನು ಗಾಬರಿಯಾದ.

“ಬೆಳಗಿನ ಜಾವದ್ದು. ಎಡಗಾಲಿನ ಬೂಟು ಕಿರ್ ಅನ್ನೋರು ಯಾರೋ ಬಂದು ಕಂಬದ ಹತ್ರ ತುಂಬಾ ಹೊತ್ತು ಮಾತಾಡಿದ್ದಾರೆ.”

ಅವನು ತನ್ನ ಬೂಟನ್ನೇ ನೋಡಿದ. ಕಿವಿ ಕೆಂಪಾಯಿತು. ಕೆನ್ನೆಯೂ...

“ನೀವು ಕೇಳಿಸ್ಕೊಂಡು ಸುಮ್ಮನಿದ್ದೀರಿ ಅಂದ್ಕೊಂಡಿದ್ದೆ,” ಅಂದ ಮೆಲ್ಲಗೆ. “ಅದನ್ನೇ ಉತ್ತರ ಅಂತ ತಗೊಂಡೆ.”

“ನನಗೆ ಪ್ರಶ್ನೇನೇ ಬಂದಿರಲಿಲ್ಲ! ನೀವು ದೂರ ಹೋದ್ರಲ್ಲ, ಎಷ್ಟು ಅತ್ತಿದ್ದೀನಿ ಗೊತ್ತಾ? ಏನು ತಪ್ಪು ಮಾಡಿದೆ ಅಂತ ಹುಡುಕಿ ಹುಡುಕಿ ಸಾಕಾಯ್ತು.” ಅವಳು ಅವನತ್ತ ತಿರುಗಿ ನಿಂತಳು. “ಈಗ ಹೇಳಿ. ಇಲ್ಲಿ ಪೆಟ್ಟಿಗೆ ಇಲ್ಲ. ನಾನೇ ಇದ್ದೀನಿ.”

ಅವನು ಒಮ್ಮೆ ಆಕಾಶ ನೋಡಿದ. ಆಮೇಲೆ ಅವಳನ್ನು.

“ಅವತ್ತು ಚೆನ್ನಾಗಿ ಹೇಳಿದ್ದೆ. ಈಗ ಅಷ್ಟು ಚೆನ್ನಾಗಿ ಬರಲ್ಲ...”

“ಪರವಾಗಿಲ್ಲ.”

“ನಮ್ಮ ಅಪ್ಪ ಅಮ್ಮ ಹೋದ ಮೇಲೆ ನನ್ನ ಮನೇಲಿ ಸದ್ದೇ ಇಲ್ಲ. ನಾನೊಬ್ಬನೇ ಓಡಾಡ್ತೀನಿ. ಅದು ಅಭ್ಯಾಸ ಆಗಿತ್ತು. ನೀವು ಸಿಕ್ಕಿದ ಮೇಲೆ ಅಭ್ಯಾಸ ತಪ್ಪಿಹೋಯ್ತು.” ಅವನು ಒಂದು ಹೆಜ್ಜೆ ಹತ್ತಿರ ಬಂದ. “ಬೆಳಿಗ್ಗೆ ಕಣ್ಣು ಬಿಟ್ಟಾಗ, ಪಕ್ಕದ ಕೋಣೆಯಲ್ಲಿ ನೀವು ಓಡಾಡೋ ಸದ್ದು ಕೇಳಿಸಬೇಕು. ಅಷ್ಟೇ ನನ್ನ ಆಸೆ. ಜೀವಮಾನ ಪೂರ್ತಿ.”

ಅವಳು ಕಣ್ಣೊರೆಸಿಕೊಳ್ಳಲಿಲ್ಲ. ಹರಿಯಲಿ ಎಂದು ಬಿಟ್ಟಳು.

“ಅಜ್ಜೀನೂ ಜೊತೆಗೆ ಬರ್ತಾರೆ. ಟಿವಿ ತುಂಬಾ ಜೋರಾಗಿ ಹಾಕ್ತಾರೆ.”

“ಹಾಕಲಿ.”

“ನಾನು ಬೆಳಿಗ್ಗೆ ಬೇಗ ಎದ್ದು ಪಾತ್ರೆ ಸದ್ದು ಮಾಡ್ತೀನಿ.”

“ಮಾಡಿ.”

“ಇಷ್ಟು ದಿನ ಕಾಯಿಸಿದ್ದಕ್ಕೆ ಬೇಜಾರಿಲ್ವಾ?”

“ಈಗ ಇಲ್ಲ.”

ಅವಳು ಒಂದು ಮೆಟ್ಟಿಲು ಮೇಲೇರಿ ಅವನ ಎತ್ತರಕ್ಕೆ ಬಂದಳು. ಅವನ ಕಿವಿಯ ಹತ್ತಿರ ಬಾಗಿ, ಆ ಬೆಳಗಿನ ಜಾವದಿಂದ ತಾನು ಕೊಡಬೇಕಾಗಿದ್ದ ಉತ್ತರವನ್ನು ಅವನೊಬ್ಬನಿಗೇ ಕೇಳಿಸುವಷ್ಟು ಸಣ್ಣ ದನಿಯಲ್ಲಿ ಕೊಟ್ಟಳು.

“ನನಗೂ ಅದೇ ಆಸೆ.”